ಗಾಬರಿಯೆಂಬ ಅಪವಾದ

ಕಾರ್ಖಾನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಬಹುಮಹಡಿಯ ಕಚೇರಿಗಳಲ್ಲಿಯೂ ಆಪತ್ಕಾಲದ ನಿರ್ವಹಣೆಗಾಗಿ ಇಂದು ರಚಿತವಾಗುತ್ತಿರುವ ಯೋಜನೆಗಳನ್ನು ತೆರೆದು ನೋಡಿದರೆ, ಅವುಗಳ ನಕ್ಷೆಗಳೂ ಅಡಿಯ ಸಹಿಗಳೂ ಬೇರೆಬೇರೆಯಾಗಿದ್ದರೂ, ಬಹುಪಾಲು ಎಲ್ಲದರ ತಳದಲ್ಲಿ ಒಂದೇ ನಂಬಿಕೆ ನೆಲೆಯೂರಿರುವುದು ಕಾಣುತ್ತದೆ. ಸಾಮಾನ್ಯ ನೌಕರನು ಅಪಾಯದ ಸುದ್ದಿಯನ್ನು ಕೇಳಿದೊಡನೆ ವಿವೇಕವನ್ನು ಕಳೆದುಕೊಳ್ಳುತ್ತಾನೆ. ಕಂಡ ದಾರಿಯಲ್ಲಿ ಓಡುತ್ತಾನೆ, ಪಕ್ಕದವರನ್ನು ತುಳಿಯುತ್ತಾನೆ. ಆದುದರಿಂದ ಸುದ್ದಿಯು ಮೊದಲು ಮೇಲಕ್ಕೆ ಹೋಗತಕ್ಕದ್ದು, ಅಲ್ಲಿ ಅದರ ಸತ್ಯಾಸತ್ಯತೆಯ ಪರಿಶೀಲನೆ ನಡೆಯತಕ್ಕದ್ದು, ಅನಂತರವೇ ಅದು ಅಧಿಕಾರವುಳ್ಳ ಒಬ್ಬರ ಬಾಯಿಂದ ಅಪ್ಪಣೆಯಾಗಿ ಕೆಳಕ್ಕೆ ಇಳಿಯತಕ್ಕದ್ದು: ಇದು ಆ ನಂಬಿಕೆ.

ಈ ಅಭಿಪ್ರಾಯವು ಮಾಲೀಕರಿಗೆ ಮಾತ್ರ ಸೇರಿದ್ದಾಗಿದ್ದರೆ ಇಷ್ಟು ದೀರ್ಘವಾದ ಖಂಡನೆ ಬೇಕಾಗುತ್ತಿರಲಿಲ್ಲ. ವಿದ್ಯಾವಂತರಾದ ಅಧಿಕಾರಿಗಳು, ಸುರಕ್ಷತೆಯನ್ನೇ ವೃತ್ತಿಯಾಗಿ ಕೈಕೊಂಡವರು, ಅಪಘಾತದ ಮರುದಿನ ಪತ್ರಿಕೆಗಳಿಗೆ ವರದಿ ಬರೆಯುವವರು, ಕಡೆಗೆ ಯಂತ್ರದ ಮುಂದೆ ನಿಂತು ದುಡಿಯುವವರಲ್ಲಿಯೇ ಅನೇಕರು ಇದನ್ನು ಸ್ವತಃಸಿದ್ಧವೆಂದು ಒಪ್ಪಿಬಿಟ್ಟಿದ್ದಾರೆ. ಮತ್ತು ಹಾಗೆ ಒಪ್ಪಿದವರಲ್ಲಿ ಹಲವರು, ನೂಕುನುಗ್ಗಲಿನಲ್ಲಿ ಯಾರೂ ಸಾಯದಿರಲೆಂಬ ಸದುದ್ದೇಶದಿಂದಲೇ ಒಪ್ಪಿದ್ದಾರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉದ್ದೇಶವು ಒಳ್ಳೆಯದಾಗಿರುವುದರಿಂದ ಪ್ರಮೇಯವು ಸತ್ಯವಾಗುವುದಿಲ್ಲ. ಗಾಬರಿಯ ಭಯದಿಂದ ಸುದ್ದಿಯನ್ನು ತಡೆಹಿಡಿಯುವ ಈ ಪದ್ಧತಿಯು ಅಸತ್ಯದ ಮೇಲೆ ನಿಂತದ್ದು. ಗಾಬರಿಯು ಎಂದೂ ತೆಗೆದುಕೊಳ್ಳದಷ್ಟು ಪ್ರಾಣಗಳನ್ನು ಇದು ತೆಗೆದುಕೊಂಡಿದೆ. ಹೀಗೆಂಬುದು ನನ್ನ ವಾದ.

ಭೋಪಾಲದ ಸೈರನ್‌ಗಳಿಂದಲೇ ಆರಂಭಿಸಬೇಕು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೆಯ ಸಂಖ್ಯೆಯ ತೊಟ್ಟಿಯೊಳಕ್ಕೆ ನೀರು ಸೇರಿ, ಅದರಲ್ಲಿದ್ದ ಮೀಥೈಲ್ ಐಸೋಸಯನೇಟ್ ಕುದಿದೆದ್ದು ಊರಿನ ಮೇಲೆ ಹರಡಿತು. ಶೀತಲ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು, ಅನಿಲವನ್ನು ಸುಡಬೇಕಾಗಿದ್ದ ಗೋಪುರ ದುರಸ್ತಿಗಾಗಿ ಕಾದಿತ್ತು. ಇವೆಲ್ಲ ಬಹುಜನರಿಗೆ ತಿಳಿದ ವಿಷಯಗಳು. ತಿಳಿದಿದ್ದರೂ ನಮ್ಮ ಯೋಜನಾಕರ್ತರ ಮನಸ್ಸಿನಲ್ಲಿ ನಾಟದೆ ಹೋಗಿರುವುದು ಸೈರನ್‌ಗಳ ವೃತ್ತಾಂತ. ಆ ಕಾರ್ಖಾನೆಗೆ ಎರಡು ಸೈರನ್‌ಗಳಿದ್ದವು: ಒಂದು ಒಳಗೆ ಕೆಲಸಮಾಡುವವರಿಗೆ, ಇನ್ನೊಂದು ಹೊರಗಣ ಊರಿಗೆ. ಒಂದಕ್ಕೊಂದು ಜೋಡಿಸಿದ್ದ ಅವುಗಳನ್ನು 1982ರಲ್ಲಿ ಬೇರ್ಪಡಿಸಲಾಗಿತ್ತು. ಸಣ್ಣಪುಟ್ಟ ಸೋರಿಕೆಗಳಿಗೆಲ್ಲ ಸುತ್ತಣ ಜನ ದಿಗಿಲುಬೀಳಬಾರದೆಂಬುದು ಅಲ್ಲಿಯ ನಿಯಮದ ಆಶಯ. ಆ ರಾತ್ರಿ 12 ಗಂಟೆ 50 ನಿಮಿಷದ ವೇಳೆಗೆ ಊರಿನ ಸೈರನ್ ಸ್ವಲ್ಪ ಹೊತ್ತು ಕೂಗಿ, ಆ ನಿಯಮದಂತೆಯೇ, ನಿಂತಿತು. ಒಳಗಿನದು ಮಾತ್ರ ಕೂಗುತ್ತಿತ್ತು. ಪೊಲೀಸರು ದೂರವಾಣಿಯಲ್ಲಿ ವಿಚಾರಿಸಿದಾಗ ಎಲ್ಲವೂ ಸರಿಯಾಗಿದೆ ಎಂಬ ಉತ್ತರ ಬಂದಿತು. ಊರಿಗಾಗಿ ಸೈರನ್ ಮತ್ತೆ ಕೂಗಿದ್ದು ರಾತ್ರಿ 2 ಗಂಟೆ ದಾಟಿದ ಮೇಲೆ. ಅಷ್ಟರೊಳಗೆ ಕಾರ್ಖಾನೆಯ ಎದುರಿನ ಜಯಪ್ರಕಾಶ ನಗರದ ಗುಡಿಸಲುಗಳಲ್ಲಿ ಮಲಗಿದ್ದವರು ಮಲಗಿದಲ್ಲಿಯೇ ಸತ್ತಿದ್ದರು, ಎದ್ದವರು ಎತ್ತ ಹೋಗಬೇಕೆಂದು ತಿಳಿಯದೆ ಅನಿಲ ಸಾಗುತ್ತಿದ್ದ ದಿಕ್ಕಿಗೇ ಓಡುತ್ತಿದ್ದರು.

ಹಾಗೆ ಓಡಿದವರನ್ನು ತೋರಿಸಿ, ಜನರ ಗಾಬರಿಗೆ ಇದಕ್ಕಿಂತ ನಿದರ್ಶನ ಬೇಕೆ ಎಂದು ಕೇಳುವವರುಂಟು. ಅವರು ಅದೇ ರಾತ್ರಿಯ ಇನ್ನೊಂದು ದೃಶ್ಯವನ್ನು ಗಮನಿಸಲಿ. ಕಾರ್ಖಾನೆಯ ಒಳಗಿದ್ದ ಕೆಲಸಗಾರರು ಗಾಳಿ ಬೀಸುತ್ತಿದ್ದ ದಿಕ್ಕನ್ನು ನೋಡಿಕೊಂಡು ಅದಕ್ಕೆ ಎದುರಾಗಿ ಹೊರಟು ಪಾರಾದರು. ಅವರೂ ಅದೇ ಊರಿನವರು, ಹೊರಗೆ ಓಡಿದವರ ಅಣ್ಣತಮ್ಮಂದಿರೂ ನೆರೆಯವರೂ ಆಗಿದ್ದವರು; ಧೈರ್ಯದಲ್ಲಾಗಲಿ ಸ್ವಭಾವದಲ್ಲಾಗಲಿ ಬೇರೆ ಜಾತಿಯ ಮನುಷ್ಯರಲ್ಲ. ಒಬ್ಬರಿಗೆ ಸೋರುತ್ತಿರುವುದು ಏನೆಂಬುದೂ ಗಾಳಿಗೆ ಬೆನ್ನುಕೊಡಬಾರದೆಂಬುದೂ ತಿಳಿದಿತ್ತು, ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಇಷ್ಟೇ ಅವರ ನಡುವಿನ ಅಂತರ. ಒದ್ದೆ ಬಟ್ಟೆಯನ್ನು ಮೂಗುಬಾಯಿಗಳಿಗೆ ಒತ್ತಿಹಿಡಿಯಿರಿ ಎಂಬ ಒಂದು ಮಾತು ಮುಂಚಿತವಾಗಿ ಆ ಗುಡಿಸಲುಗಳಿಗೆ ತಲುಪಿದ್ದರೆ ಎಷ್ಟೋ ಶ್ವಾಸಕೋಶಗಳು ಉಳಿಯುತ್ತಿದ್ದವು. ಆಸ್ಪತ್ರೆಯ ವೈದ್ಯರಿಗಾದರೂ ವಿಷದ ಹೆಸರು ತಿಳಿದಿತ್ತೆ? ಅವರೂ ಕತ್ತಲೆಯಲ್ಲಿಯೇ ಚಿಕಿತ್ಸೆ ನಡೆಸಬೇಕಾಯಿತು. ಗಾಬರಿಯೆಂದು ನಾವು ಹೆಸರಿಟ್ಟು ಜನರ ಮೇಲೆ ಹೊರಿಸಿರುವುದು ವಾಸ್ತವವಾಗಿ ನಾವೇ ಅವರ ಮೇಲೆ ಹೇರಿದ ಅಜ್ಞಾನ.

ಆ ರಾತ್ರಿಯನ್ನು ನೆನೆಯುವಾಗ ಭೋಪಾಲದ ರೈಲ್ವೆ ನಿಲ್ದಾಣದ ಉಪಅಧೀಕ್ಷಕರಾಗಿದ್ದ ಗುಲಾಮ್ ದಸ್ತಗೀರರನ್ನು ಮರೆಯಕೂಡದು. ಪ್ರಯಾಣಿಕರಿಂದ ತುಂಬಿ ನಿಂತಿದ್ದ ಗೋರಖಪುರದ ಎಕ್ಸ್‌ಪ್ರೆಸ್ ಗಾಡಿಯನ್ನು, ಅದರ ವೇಳೆಗೆ ಮುಂಚೆ, ಮೇಲಿನವರ ಅನುಮತಿಗಾಗಿ ಕಾಯದೆ, ತಮ್ಮ ಜವಾಬ್ದಾರಿಯ ಮೇಲೆ ಅವರು ಹೊರಡಿಸಿಬಿಟ್ಟರು. ಭೋಪಾಲಕ್ಕೆ ಗಾಡಿಗಳನ್ನು ಬಿಡಬೇಡಿರೆಂದು ಅಕ್ಕಪಕ್ಕದ ನಿಲ್ದಾಣಗಳಿಗೆ ತಿಳಿಸಿದರು. ತಾವು ನಿಲ್ದಾಣದಲ್ಲಿಯೇ ಉಳಿದು ಆ ವಿಷದ ಪರಿಣಾಮವನ್ನು ಬದುಕಿರುವವರೆಗೂ ಅನುಭವಿಸಿದರು. ಪರಿಶೀಲನೆ ಮುಗಿದು ಅಪ್ಪಣೆ ಇಳಿದು ಬರಲೆಂದು ಅವರು ಕುಳಿತಿದ್ದರೆ ಆ ಗಾಡಿಯೊಳಗಿನ ನೂರಾರು ಮಂದಿಯ ಗತಿಯೇನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ.

ಭೋಪಾಲವು ಅಪೂರ್ವವಾದ ಘಟನೆ, ಅದರಿಂದ ಸಾಮಾನ್ಯ ಸಿದ್ಧಾಂತಕ್ಕೆ ಬರಬಾರದು ಎನ್ನುವವರಿಗಾಗಿ ಹಿಂದಕ್ಕೂ ಮುಂದಕ್ಕೂ ನೋಡೋಣ. 1911ರ ಮಾರ್ಚ್ 25ರಂದು ನ್ಯೂಯಾರ್ಕ್ ನಗರದ ಟ್ರಯಾಂಗಲ್ ಎಂಬ ಉಡುಪು ಕಾರ್ಖಾನೆಯ ಎಂಟನೆಯ ಮಹಡಿಯಲ್ಲಿ ಬೆಂಕಿ ಹೊತ್ತಿಕೊಂಡಾಗ, ಅಲ್ಲಿಂದ ಹತ್ತನೆಯ ಮಹಡಿಗೆ, ಅಂದರೆ ಮಾಲೀಕರೂ ಕಚೇರಿಯವರೂ ಇದ್ದೆಡೆಗೆ, ದೂರವಾಣಿಯಲ್ಲಿ ಸುದ್ದಿ ಹೋಯಿತು. ಅವರು ತಾರಸಿಯ ಮೂಲಕ ಪಾರಾದರು. ನಡುವಣ ಒಂಬತ್ತನೆಯ ಮಹಡಿಗೆ ಯಾರೂ ಹೇಳಲಿಲ್ಲ. ಅಲ್ಲಿ ಹೊಲಿಗೆಯ ಯಂತ್ರಗಳ ಮುಂದೆ ಕುಳಿತಿದ್ದ ಹುಡುಗಿಯರಿಗೆ ಸುದ್ದಿಯನ್ನು ತಂದದ್ದು ಸ್ವತಃ ಬೆಂಕಿಯೇ; ಅವರು ಧಾವಿಸಿದ ಬಾಗಿಲುಗಳಲ್ಲಿ ಒಂದಕ್ಕೆ, ಬಟ್ಟೆ ಕಳುವಾಗಬಾರದೆಂದು, ಬೀಗ ಬಿದ್ದಿತ್ತು. ಒಟ್ಟು 146 ಮಂದಿ ಸತ್ತರು. ಸುದ್ದಿಯು ಮೇಲಕ್ಕೆ ಹೋಗಿ ಅನಂತರ ಕೆಳಕ್ಕೆ ಇಳಿಯತಕ್ಕದ್ದೆಂಬ ತತ್ತ್ವವು ಇಲ್ಲಿ ಅಕ್ಷರಶಃ ನಡೆದುಹೋದದ್ದನ್ನು ಕಾಣುತ್ತೇವೆ: ಮೇಲಕ್ಕೆ ಹೋದ ಸುದ್ದಿ ಮೇಲಿನವರನ್ನು ಉಳಿಸಿತು, ಕೆಳಕ್ಕೆ ಇಳಿಯಲಿಲ್ಲ.

ಇದಾಗಿ ನೂರು ವರ್ಷ ಕಳೆದ ಮೇಲೆ, 2012ರ ನವೆಂಬರ್ 24ರಂದು, ಢಾಕಾದ ಹೊರವಲಯದ ತಾಜ್ರೀನ್ ಉಡುಪು ಕಾರ್ಖಾನೆಯಲ್ಲಿ ಅಲಾರಂ ಬಾರಿಸಿತು. ಏನೂ ಆಗಿಲ್ಲ, ಕೆಲಸಕ್ಕೆ ಕುಳಿತುಕೊಳ್ಳಿರೆಂದು ಮೇಲ್ವಿಚಾರಕರು ಹೇಳಿದರು. 100ಕ್ಕೂ ಮಿಕ್ಕಿ ಜನ ಬೆಂದುಹೋದರು. ಮರುವರ್ಷ ಏಪ್ರಿಲ್ 23ರಂದು ಅದೇ ಪ್ರಾಂತದ ರಾಣಾ ಪ್ಲಾಜಾ ಕಟ್ಟಡದ ಗೋಡೆಗಳಲ್ಲಿ ಬಿರುಕು ಕಾಣಿಸಿತು. ಕೆಳಗಿನ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಹೊರಕ್ಕೆ ಕಳುಹಿಸಿದರು; ಹೊಲಿಗೆಯ ಕೆಲಸದವರು ಒಳಹೋಗಲು ಹಿಂಜರಿದರೂ ಮರುದಿನ ಬೆಳಗ್ಗೆ ಅವರನ್ನು, ಸಂಬಳದ ಬೆದರಿಕೆಯೊಡನೆ, ಮೇಲಕ್ಕೆ ಹತ್ತಿಸಲಾಯಿತು. ಕಟ್ಟಡ ಕುಸಿದು ಸತ್ತವರು 1,134 ಮಂದಿ. ಈ ಹೆಂಗಸರು ವಿವೇಕವನ್ನು ಕಳೆದುಕೊಂಡಿದ್ದರೆ? ಬಿರುಕನ್ನು ಕಂಡು, ಒಳಗೆ ಹೋಗುವುದು ಬೇಡವೆಂದು ಅವರು ಹೇಳಿದ್ದೇ ಆ ಬೆಳಗಿನ ಏಕಮಾತ್ರ ವಿವೇಕದ ಮಾತು. ಅದನ್ನು ಮೀರಿ ನಡೆದದ್ದು ಅಪ್ಪಣೆ.

ಗಾಬರಿಯ ವಿಷಯವಾಗಿ ಊಹಿಸುವುದನ್ನು ಬಿಟ್ಟು ಪರೀಕ್ಷಿಸಿ ನೋಡಿದ ವಿದ್ವಾಂಸರು ಇಲ್ಲದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲ್ಲಿಯವರು 1954ರಲ್ಲಿಯೇ ಈ ಕುರಿತು ಪ್ರಬಂಧವನ್ನು ಬರೆದರು. 1963ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಪತ್ತುಗಳ ಅಧ್ಯಯನಕ್ಕೆಂದೇ ಸ್ಥಾಪಿತವಾದ ಕೇಂದ್ರದ ಸ್ಥಾಪಕರಲ್ಲಿ ಒಬ್ಬರಾಗಿ ಜೀವಮಾನವಿಡೀ ಆ ವಿಚಾರವನ್ನು ಬೆಳೆಸಿದರು. ಅವರೂ ಅವರ ಸಹೋದ್ಯೋಗಿಗಳೂ ಕಂಡುಕೊಂಡದ್ದು ಇದು: ವಿಪತ್ತಿನಲ್ಲಿ ಭಯವು ಸಾರ್ವತ್ರಿಕ, ಭ್ರಾಂತಿಯ ಪಲಾಯನ ವಿರಳ. ಹೆಚ್ಚು ಜನ ಮಾಡುವ ತಪ್ಪು ಅದಕ್ಕೆ ತೀರ ವಿರುದ್ಧವಾದುದು. ಅವರು ಹೊರಡಲು ತಡಮಾಡುತ್ತಾರೆ, ಪಕ್ಕದವರ ಮುಖವನ್ನು ನೋಡುತ್ತಾರೆ, ಚೀಲವನ್ನು ಹುಡುಕುತ್ತಾರೆ, ಜೊತೆಯವರು ಬರಲೆಂದು ಕಾಯುತ್ತಾರೆ, ಕೈಲಾಗದವರಿಗೆ ಹೆಗಲು ಕೊಡುತ್ತಾರೆ. ಭ್ರಾಂತಿಯ ಪಲಾಯನವಾದರೂ ಸಂಭವಿಸುವುದು ಯಾವಾಗ? ದಾರಿಯೊಂದಿದೆ, ಆದರೆ ಅದು ಮುಚ್ಚಿಹೋಗುತ್ತಲಿದೆ ಎಂಬ ಭಾವನೆ ಬಂದಾಗ. ತನ್ನ ಕೈಯಿಂದ ಏನೂ ಸಾಗದೆಂಬ ನಿಸ್ಸಹಾಯಕತೆ ಕವಿದಾಗ. ಸುತ್ತಲೂ ಜನರಿದ್ದರೂ ತಾನು ಒಂಟಿಯೆಂದು ತೋರಿದಾಗ. ಈ ಮೂರನ್ನೂ ಮನಸ್ಸಿಗೆ ತಂದುಕೊಂಡು ನಮ್ಮ ಯೋಜನೆಗಳನ್ನು ಪುನಃ ಓದಿದರೆ, ಬಾಗಿಲಿನ ಬೀಗವೂ ಸುದ್ದಿಯ ಗೋಪನವೂ ಅಪ್ಪಣೆಯ ನಿರೀಕ್ಷೆಯೂ ಸೇರಿ, ತಡೆಯಹೊರಟ ಗಾಬರಿಯನ್ನೇ ಅವು ಹೇಗೆ ಸಿದ್ಧಪಡಿಸಿಕೊಡುತ್ತಿವೆಯೆಂಬುದು ತಿಳಿಯದೆ ಇರಲಾರದು.

1977ರ ಮೇ 28ರಂದು ಅದೇ ದೇಶದ ಕೆಂಟಕಿ ರಾಜ್ಯದ ಬೆವರ್ಲಿ ಹಿಲ್ಸ್ ಎಂಬ ಭೋಜನಶಾಲೆಯಲ್ಲಿ, ಸಾವಿರಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದ ಸಭಾಂಗಣದಲ್ಲಿ ಮನರಂಜನೆ ನಡೆಯುತ್ತಿದ್ದಾಗ, ಕಟ್ಟಡದ ಬೇರೊಂದು ಭಾಗದಲ್ಲಿ ಬೆಂಕಿಯೆದ್ದಿತು. ಮೇಜುಗಳ ತಟ್ಟೆ ತೆಗೆಯುವ ಕೆಲಸದಲ್ಲಿದ್ದ 18 ವರ್ಷದ ಹುಡುಗನೊಬ್ಬನಿಗೆ ಅದು ತಿಳಿಯಿತು. ಮೇಲ್ವಿಚಾರಕನಿಗೆ ಹೇಳಿದ, ಅವನು ಹಿಂದುಮುಂದು ನೋಡಿದ. ಹುಡುಗನು ತಾನೇ ವೇದಿಕೆಯನ್ನೇರಿ ಮೈಕನ್ನು ಹಿಡಿದು, ಹೊರಹೋಗುವ ಬಾಗಿಲುಗಳು ಎಲ್ಲಿವೆಯೆಂಬುದನ್ನು ಕೈಯಿಂದ ತೋರಿಸಿ, ಎದ್ದು ಹೊರಡಿರೆಂದು ಸಭೆಗೆ ತಿಳಿಸಿದ. ಸಭೆಯು ಎದ್ದು ಹೊರಟಿತು. ಅಲ್ಲಿ 165 ಮಂದಿ ಸತ್ತರೆಂಬುದೂ ನಿಜ. ಆದರೆ ಆ ಕೆಲಸದ ಹುಡುಗನ ಮಾತು ನೂರಾರು ಮಂದಿಯನ್ನು ಉಳಿಸಿತೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ನಮ್ಮ ಯೋಜನೆಗಳ ಅಧಿಕಾರಶ್ರೇಣಿಯಲ್ಲಿ ಆ ಹುಡುಗನಿಗೆ ಸ್ಥಾನವೆಲ್ಲಿ?

2011ರ ಡಿಸೆಂಬರ್ 9ರ ನಸುಕಿನಲ್ಲಿ ಕೊಲ್ಕತ್ತದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನು ಹೇಳುವಾಗ ನನಗೆ ದುಃಖವೂ ಕೋಪವೂ ಒಟ್ಟಿಗೇ ಬರುತ್ತವೆ. ಹೊಗೆಯನ್ನು ಕಂಡು ಪಕ್ಕದ ಕೊಳೆಗೇರಿಯ ತರುಣರು ಸಹಾಯಕ್ಕೆಂದು ಓಡಿಬಂದರು; ಕಾವಲುಗಾರರು ಅವರನ್ನು ಹಿಂದಕ್ಕೆ ಕಳುಹಿಸಿದರು. ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟುವುದು ತಡವಾಯಿತು. ಹವಾನಿಯಂತ್ರಣದ ಕೊಳವೆಗಳ ಮೂಲಕ ಹೊಗೆಯು ಮೇಲಿನ ಮಹಡಿಗಳನ್ನೆಲ್ಲ ತುಂಬಿ ಸುಮಾರು 90 ಮಂದಿ ಉಸಿರುಕಟ್ಟಿ ಸತ್ತರು. ಹಾಸಿಗೆಯಿಂದ ಏಳಲಾರದವರೇ ಅವರಲ್ಲಿ ಬಹಳ. ಹಿಂದಕ್ಕೆ ತಳ್ಳಿಸಿಕೊಂಡ ಆ ಕೊಳೆಗೇರಿಯವರೇ ಕಡೆಗೆ ಬಿದಿರೇಣಿಗಳನ್ನೂ ಹಗ್ಗಗಳನ್ನೂ ತಂದು, ಗಾಜನ್ನೊಡೆದು, ರೋಗಿಗಳನ್ನು ಇಳಿಸಿದರು. ಕೇರಳದಿಂದ ಬಂದಿದ್ದ ಇಬ್ಬರು ಎಳೆಯ ದಾದಿಯರು ತಮ್ಮ ವಾರ್ಡಿನ ಎಂಟು ಮಂದಿಯನ್ನು ಹೊರಸಾಗಿಸಿ, ಒಂಬತ್ತನೆಯವರಿಗಾಗಿ ಹಿಂದಿರುಗಿ, ಅಲ್ಲಿಯೇ ಮಡಿದರು. ವಿಪತ್ತಿನಲ್ಲಿ ಮನುಷ್ಯಸ್ವಭಾವವು ಹೇಗೆ ವರ್ತಿಸುತ್ತದೆಂಬುದಕ್ಕೆ ಸಾಕ್ಷಿ ಬೇಕಾದರೆ ಈ ತರುಣರನ್ನೂ ಈ ದಾದಿಯರನ್ನೂ ನೋಡಬೇಕು. ಗೇಟನ್ನು ಮುಚ್ಚಿದ ಆ ನಿಯಮವು ಎಂಥ ಮನುಷ್ಯರನ್ನು ಊಹಿಸಿಕೊಂಡು ಹುಟ್ಟಿತು?

ಪ್ರತಿಪಕ್ಷದವರ ಕೈಯಲ್ಲಿ ಇನ್ನೂ ಬಲವಾದ ಆಕ್ಷೇಪಗಳಿವೆ. ಕಾಲ್ತುಳಿತವೆಂಬುದು ಕಲ್ಪನೆಯಲ್ಲ, ಜನ ಅದರಲ್ಲಿ ಸತ್ತಿದ್ದಾರೆ ಎಂಬುದು ಮೊದಲನೆಯದು. ಸತ್ತಿದ್ದಾರೆ. ಆದರೆ ಎಲ್ಲಿ? ಒಳಮುಖವಾಗಿ ತೆರೆಯುವ ಬಾಗಿಲಿನ ಹಿಂದೆ, ಬೀಗ ಹಾಕಿದ ಜಾಲರಿಯ ಮುಂದೆ, ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ ಮೆಟ್ಟಿಲ ತಿರುವಿನಲ್ಲಿ. ಹಿಂದಿನವರಿಗೆ ಮುಂದೆ ದಾರಿ ಮುಚ್ಚಿದೆಯೆಂಬುದು ತಿಳಿಯದು; ಅವರ ಮೈಭಾರ ಮುಂದಿನವರ ಎದೆಯ ಮೇಲೆ ಬೀಳುತ್ತದೆ; ಅಲ್ಲಿ ಯಾರೂ ಯಾರನ್ನೂ ದ್ವೇಷದಿಂದಲೋ ಸ್ವಾರ್ಥದಿಂದಲೋ ತುಳಿದಿರುವುದಿಲ್ಲ. ಬಾಗಿಲನ್ನು ಅಗಲಮಾಡದೆ ಸತ್ತವರ ಸ್ವಭಾವವನ್ನು ದೂಷಿಸುವುದು ಅನ್ಯಾಯ.

ಅಲಾರಂ ಒತ್ತುವ ಅಧಿಕಾರವನ್ನು ಎಲ್ಲರಿಗೂ ಕೊಟ್ಟರೆ ಸುಳ್ಳು ಎಚ್ಚರಿಕೆಗಳು ಹೆಚ್ಚಿ, ಕೆಲಸ ಕೆಟ್ಟು, ಕೊನೆಗೆ ನಿಜವಾದ ಎಚ್ಚರಿಕೆಗೂ ಯಾರೂ ಕಿವಿಗೊಡದಂತಾಗುತ್ತದೆಂಬುದು ಎರಡನೆಯದು. ಹಾಲು ಉಕ್ಕೀತೆಂದು ಒಲೆಯ ಕಡೆಗೆ ಹತ್ತು ಸಲ ಎದ್ದುಹೋಗುವ ಗೃಹಿಣಿಯನ್ನು ಯಾರೂ ಅವಿವೇಕಿಯೆನ್ನುವುದಿಲ್ಲ. ಸುಳ್ಳೆಂದು ತಿಳಿದುಬಂದ ಎಚ್ಚರಿಕೆಯ ಬೆಲೆ ಕಾಲು ಗಂಟೆಯ ಉತ್ಪಾದನೆ. ಅದು ಏಕೆ ಬಾರಿಸಿತೆಂಬುದನ್ನು ಅದೇ ದಿನ ಎಲ್ಲರಿಗೂ ನೇರವಾಗಿ ತಿಳಿಸಿದರೆ ವಿಶ್ವಾಸ ಕುಂದುವುದಿಲ್ಲ, ಬೆಳೆಯುತ್ತದೆ. ವಿಶ್ವಾಸವನ್ನು ಕೊಲ್ಲುವುದು ವಿವರಣೆಯಿಲ್ಲದ ಮೌನ ಮತ್ತು ತಾಜ್ರೀನಿನಲ್ಲಿ ಕೇಳಿಬಂದಂಥ ಆಶ್ವಾಸನೆ.

ವಿಪತ್ತಿನಲ್ಲಿ ಒಬ್ಬನ ಮಾತು ನಡೆಯಬೇಕು, ನೂರು ತಲೆಗಳು ನೂರು ಕಡೆ ಎಳೆದರೆ ಕಾರ್ಯ ಕೆಡುತ್ತದೆಂಬ ಮೂರನೆಯ ಆಕ್ಷೇಪದಲ್ಲಿ ಸ್ವಲ್ಪ ಸತ್ಯವುಂಟು. ಬೆಂಕಿಯನ್ನು ನಂದಿಸುವ ಕಾರ್ಯಕ್ಕೂ ರೋಗಿಗಳನ್ನು ಸಾಗಿಸುವ ಕ್ರಮಕ್ಕೂ ನಾಯಕತ್ವ ಬೇಕೇ ಬೇಕು. ಆದರೆ ನಾಯಕತ್ವಕ್ಕಾಗಿ ಕಾದು ಕುಳಿತುಕೊಳ್ಳುವುದನ್ನೇ ಸುರಕ್ಷತೆಯೆಂದು ಕಲಿಸಿದರೆ ಏನಾಗುತ್ತದೆಂಬುದನ್ನು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲವೇದಿಕೆ ತೋರಿಸಿತು. 1988ರ ಜುಲೈ 6ರ ರಾತ್ರಿ ಅಲ್ಲಿ ಸ್ಫೋಟವಾದಾಗ, ಕಲಿಸಿದ್ದ ಕ್ರಮದಂತೆ ಬಹುಮಂದಿ ವಸತಿಭಾಗದಲ್ಲಿ ನೆರೆದು, ಹೆಲಿಕಾಪ್ಟರಿಗಾಗಿಯೂ ಮುಂದಿನ ಅಪ್ಪಣೆಗಾಗಿಯೂ ಕಾದರು. ಹೆಲಿಕಾಪ್ಟರ್ ಇಳಿಯುವಂತಿರಲಿಲ್ಲ, ಅಪ್ಪಣೆ ಬರಲಿಲ್ಲ, ಹೊಗೆ ಬಂದಿತು. ಬದುಕಿದ 61 ಮಂದಿಯಲ್ಲಿ ಎಷ್ಟೋ ಜನ ಆ ಕ್ರಮವನ್ನು ಮೀರಿ, ಸ್ವಂತ ನಿರ್ಣಯದಿಂದ, ಉರಿಯುತ್ತಿದ್ದ ವೇದಿಕೆಯಿಂದ ಸಮುದ್ರಕ್ಕೆ ಧುಮುಕಿದವರು ಅಥವಾ ಹಗ್ಗ ಹಿಡಿದು ಇಳಿದವರು, ಸತ್ತವರು 167. ಪಕ್ಕದ ಎರಡು ವೇದಿಕೆಗಳು, ಉರಿಯನ್ನು ಕಣ್ಣಾರೆ ಕಾಣುತ್ತಿದ್ದರೂ, ನಿಲ್ಲಿಸುವ ಹೊಣೆಯನ್ನು ತಾವಾಗಿ ಹೊರಲು ಅಲ್ಲಿದ್ದವರು ಹಿಂಜರಿದುದರಿಂದ, ತೈಲವನ್ನು ಹರಿಸುತ್ತಲೇ ಇದ್ದವು. ಲಾರ್ಡ್ ಕಲೆನ್ ಅವರು 1990ರಲ್ಲಿ ಒಪ್ಪಿಸಿದ ವಿಚಾರಣಾ ವರದಿಯಲ್ಲಿ 106 ಶಿಫಾರಸುಗಳಿವೆ.

ನಮ್ಮ ದೇಶದಲ್ಲಿ ಶಾಸನವು ಈ ವಿಷಯದಲ್ಲಿ ರೂಢಿಗಿಂತ ಮುಂದೆ ಹೋಗಿದ್ದುಂಟು. ಭೋಪಾಲದ ತರುವಾಯ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿದ ಪ್ರಕರಣಗಳು, ಅಪಾಯಕರ ಕಾರ್ಖಾನೆಯ ತುರ್ತು ಯೋಜನೆಯನ್ನು ರಚಿಸುವುದಲ್ಲದೆ, ಅಪಘಾತವಾದರೆ ಅನುಸರಿಸಬೇಕಾದ ಕ್ರಮಗಳನ್ನು ಕಾರ್ಮಿಕರಿಗೂ ಸುತ್ತಲಿನ ನಿವಾಸಿಗಳಿಗೂ ತಿಳಿಯಪಡಿಸತಕ್ಕದ್ದೆಂದು ವಿಧಿಸಿದವು. ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಸ್ಥಾನವನ್ನೂ, ಸನ್ನಿಹಿತವಾದ ಅಪಾಯವನ್ನು ಮಾಲೀಕರ ಜೊತೆಗೇ ಪರಿವೀಕ್ಷಕರಿಗೂ ತಿಳಿಸುವ ಹಕ್ಕನ್ನೂ ಕೊಟ್ಟವು. 1989ರ ಅಪಾಯಕರ ರಾಸಾಯನಿಕಗಳ ನಿಯಮಗಳಲ್ಲಿ ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಯಬೇಕೆಂಬ ವಿಧಿಯೂ ಸೇರಿತು. ಪ್ರಾಣಾಪಾಯವಿದೆಯೆಂದು ನ್ಯಾಯವಾಗಿ ನಂಬಿ ಕೆಲಸದಿಂದ ಹಿಂದೆಗೆದವನನ್ನು ದಂಡಿಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ ಒಡಂಬಡಿಕೆಯೂ ಸಾರಿದೆ. ಇಷ್ಟಾದರೂ ರೂಢಿಯು ಗೆದ್ದಿದೆ. ಯೋಜನೆಯು ಇಂಗ್ಲಿಷಿನಲ್ಲಿ ರಚಿತವಾಗಿ ಇಲಾಖೆಗೆ ಸಲ್ಲುತ್ತದೆ. ಪೀಣ್ಯದಲ್ಲಿ, ಬೈಕಂಪಾಡಿಯಲ್ಲಿ, ನಂಜನಗೂಡಿನಲ್ಲಿ ಯಂತ್ರದ ಮುಂದೆ ನಿಲ್ಲುವವರಲ್ಲಿ ಕನ್ನಡವನ್ನು ಮಾತ್ರ ಓದಬಲ್ಲವರು, ಒಡಿಯಾ ಅಥವಾ ಹಿಂದಿಯನ್ನು ಮಾತ್ರ ಬಲ್ಲವರು, ಯಾವುದನ್ನೂ ಓದಲಾರದವರು ಎಲ್ಲರೂ ಇದ್ದಾರೆ. ಅಣಕು ಕಾರ್ಯಾಚರಣೆಯು ಮುಂಚಿತವಾಗಿ ಗೊತ್ತುಪಡಿಸಿದ ದಿನ, ಹಗಲು ಪಾಳಿಯಲ್ಲಿ, ಎಲ್ಲ ಬಾಗಿಲುಗಳೂ ತೆರೆದಿರುವಾಗ ನಡೆದು, ಛಾಯಾಚಿತ್ರದೊಡನೆ ಮುಗಿಯುತ್ತದೆ. ರಾತ್ರಿ ಪಾಳಿಯ ಗುತ್ತಿಗೆ ಕಾರ್ಮಿಕನು ಅದನ್ನು ಕಂಡಿರುವುದಿಲ್ಲ.

ಕಚೇರಿಗಳ ಸ್ಥಿತಿ ಇದಕ್ಕಿಂತ ಶೋಚನೀಯ, ಏಕೆಂದರೆ ಅಲ್ಲಿ ತಮಗೆ ಅಪಾಯವುಂಟೆಂಬ ಭಾವನೆಯೇ ಇಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಸತ್ತರು. ವಿದ್ಯುತ್ ತಂತಿಗಳ ನಾಳದಿಂದೆದ್ದ ಹೊಗೆ ಮೆಟ್ಟಿಲುಗಳನ್ನು ತುಂಬಿತು. ಜನ ಕಿಟಕಿಯ ಗಾಜನ್ನೊಡೆದು ಉಸಿರಿಗಾಗಿ ಹೊರಚಾಚಿದರು, ಕೆಲವರು ಧುಮುಕಿದರು. ಆ ಚಿತ್ರಗಳನ್ನು ನೋಡಿದವರು ಗಾಬರಿಯಿಂದ ಹಾರಿದರೆಂದು ಬಹುಕಾಲ ಮಾತಾಡಿಕೊಂಡರು. ಒಳಗೆ ನಿಂತರೆ ಹೊಗೆಯಲ್ಲಿ ಸಾವು, ಹೊರಗೆ ಹಾರಿದರೆ ಬದುಕುವ ಅಲ್ಪ ಆಸೆ. ಈ ಎರಡರ ನಡುವೆ ಕ್ಷಣಮಾತ್ರದಲ್ಲಿ ತೂಗಿ ನೋಡಬೇಕಾಗಿ ಬಂದವರ ನಿರ್ಣಯವನ್ನು ಗಾಬರಿಯೆಂದು ಕರೆಯುವ ಅಧಿಕಾರ, ಅವರಿಗೆ ಬೇರೆ ದಾರಿಯನ್ನು ಉಳಿಸಿಡದಿದ್ದ ನಮ್ಮಲ್ಲಿ ಯಾರಿಗೂ ಇಲ್ಲ.

ಯೋಜನೆಯನ್ನು ಸಿದ್ಧಪಡಿಸುವವರು ಅದನ್ನು ಕೆಳಗಿನಿಂದ ಬರೆಯಲಾರಂಭಿಸಲಿ. ಕಂಡವನು ಯಾರೇ ಆಗಲಿ, ಕಂಡ ಕ್ಷಣದಲ್ಲಿ ಅಲಾರಂ ಒತ್ತಲಿ, ಯಂತ್ರವನ್ನು ನಿಲ್ಲಿಸಲಿ. ಅದಕ್ಕಾಗಿ ಅವನಿಂದ ಸಮಜಾಯಿಷಿ ಕೇಳಬಾರದೆಂಬುದು ಮೊದಲ ವಾಕ್ಯವಾಗಿರಲಿ. ಅಭ್ಯಾಸವು ನಡುರಾತ್ರಿಯಲ್ಲಿ, ಒಂದು ಬಾಗಿಲನ್ನು ಮುಚ್ಚಿಟ್ಟು, ಮೇಲ್ವಿಚಾರಕನು ಇಲ್ಲದಿರುವಾಗ ನಡೆಯಲಿ. ಇನ್ನು ಪರಿವೀಕ್ಷಕರು ಬಂದಾಗ ಕಡತವನ್ನು ಪಕ್ಕಕ್ಕಿರಿಸಿ, ಮೂರನೆಯ ಪಾಳಿಗೆ ಆ ವಾರವಷ್ಟೇ ಸೇರಿದ ಗುತ್ತಿಗೆಯ ಹುಡುಗಿಯನ್ನು ಅವಳ ಭಾಷೆಯಲ್ಲಿ ಮಾತಾಡಿಸಲಿ: ಹೊರಹೋಗುವ ಎರಡನೆಯ ಬಾಗಿಲು ಯಾವುದಮ್ಮ, ಅದರ ಬೀಗದ ಕೈ ಯಾರ ಹತ್ತಿರವಿದೆ, ಅಲಾರಂ ಒತ್ತಬೇಕಾದರೆ ಯಾರನ್ನು ಕೇಳಬೇಕು? ಎರಡನೆಯ ಪ್ರಶ್ನೆಗೋ ಮೂರನೆಯದಕ್ಕೋ ಅವಳು ಯಾರದೇ ಹೆಸರನ್ನು ಹೇಳಿದರೆ, ಆ ಯೋಜನೆಗೆ ಒಪ್ಪಿಗೆ ಕೊಡದೆ ಅದನ್ನು ಅಲ್ಲಿಯೇ ಹಿಂದಿರುಗಿಸಲಿ.